ಬೆಲ್ಲ ಬಿಳೀ ಇರಬೇಕು ಅಂದೋರು ಯಾರು?

ಸಂಕ್ರಾಂತಿ ಹಿಂದಿನ ವಾರ ಮಂಡಿಗೆ ಹನ್ನೆರಡು ಕ್ವಿಂಟಾಲ್ ಬೆಲ್ಲ ತಗೊಂಡು ಹೋಗಿದ್ದೆ. ಈ ಸಾರಿ ಹೈಡ್ರೋಸ್ ಹಾಕದೆ ಮಾಡಿದ ಅಚ್ಚುಬೆಲ್ಲ. ದಲ್ಲಾಳಿ ಒಂದು ಅಚ್ಚು ಎತ್ತಿ ಬೆಳಕಿಗೆ ಹಿಡಿದ, ಮುರಿದ, ವಾಪಸ್ ಇಟ್ಟ. ಬಾಯಿಗೆ ಹಾಕ್ಕೊಳ್ಳಲೇ ಇಲ್ಲ. "ಬಣ್ಣ ಇಲ್ವಲ್ಲ ಗೌಡ್ರೆ" ಅಂದ. ಪಕ್ಕದ ರಾಶಿ ಹಳದಿ ಬಿಳುಪಾಗಿ ಹೊಳೀತಿತ್ತು. ಅದಕ್ಕಿಂತ ಕ್ವಿಂಟಾಲ್‌ಗೆ 300 ರೂಪಾಯಿ ಕಮ್ಮಿಗೆ ನನ್ನದು ಹೋಯ್ತು. ಲೆಕ್ಕ ಹಾಕಿದ್ರೆ 3,600 ರೂಪಾಯಿ. ಗಾಡಿ ಬಾಡಿಗೆ, ಹಮಾಲಿ ಬೇರೆ. ಮನೆಗೆ ಬಂದ ಮೇಲೆ ನಮ್ಮನೆಯವರು ಒಂದೇ ಮಾತು ಕೇಳಿದ್ರು: "ಹಾಕಿದ್ರೆ ಏನಾಗ್ತಿತ್ತು? ಊರೆಲ್ಲಾ ಹಾಕಲ್ವಾ?"

ಉತ್ತರ ನನ್ನ ಹತ್ರ ಇರಲಿಲ್ಲ. ನಾನೂ ಹದಿನೈದು ವರ್ಷ ಹಾಕಿದವನೇ. ಆದ್ರೆ ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಬೆಲ್ಲ ಬಿಳೀ ಇರಬೇಕು ಅಂತ ಮೊದಲು ಹೇಳಿದ್ದು ಯಾರು? ನಮ್ಮ ತಾತ ಅಂತೂ ಅಲ್ಲ. ಹಳೇ ಪುಸ್ತಕ ಓದಿ, ವಿ.ಸಿ. ಫಾರಂ ಕಡೆಯ ತಿಳಿದೋರನ್ನ ಕೇಳಿ, ನಮ್ಮ ಕೊಪ್ಪರಿಗೆ ಮುಂದೆ ನಿಂತು ನೋಡಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ಮೊದಲು ಕೊಪ್ಪರಿಗೆ ಒಳಗೆ ಏನಾಗುತ್ತೆ ಅನ್ನೋದನ್ನ ನೋಡೋಣ. ಕಬ್ಬಿನ ಹಾಲಲ್ಲಿ ಇರೋ ಸಕ್ಕರೆಗೆ ಸುಕ್ರೋಸ್ ಅಂತಾರೆ. ಇದು ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತಿನ ಥರ. ಒಂದು ಎತ್ತು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಜೋಡಿ ಕೂಡಿದ್ದಾಗ ಸಕ್ಕರೆ ಹರಳು ಕಟ್ಟುತ್ತೆ, ಬೆಲ್ಲ ಗಟ್ಟಿಯಾಗಿ ಕೂರುತ್ತೆ. ನೊಗ ಮುರಿದು ಎರಡೂ ಬೇರೆ ಬೇರೆ ಆದ್ರೆ ಹರಳು ಕಟ್ಟೋದಕ್ಕೆ ಅಡ್ಡಿ. ಅದರಲ್ಲೂ ಫ್ರಕ್ಟೋಸ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳೋದರಲ್ಲಿ ಬಲು ಜೋರು. ಮಳೆಗಾಲದಲ್ಲಿ ಬೆಲ್ಲ ಬೆವರಿ ನೀರು ಬಿಡುತ್ತಲ್ಲ, ಅದರ ಹಿಂದೆ ಇರೋದು ಇದೇ.

ನೊಗ ಮುರಿಯೋದು ಹುಳಿ ಮತ್ತು ಬಿಸಿ ಎರಡೂ ಸೇರಿದಾಗ. ಗಾಣದಿಂದ ಇಳಿದ ಹಾಲು ಸ್ವಲ್ಪ ಹುಳಿಯೇ, ಪಿ.ಎಚ್. 5ರ ಮೇಲೆ ಸ್ವಲ್ಪ ಇರುತ್ತೆ ಅಷ್ಟೇ. ಅದಕ್ಕೇ ನಮ್ಮ ಹಿರಿಯರು ಸುಣ್ಣದ ತಿಳಿ ಹಾಕ್ತಿದ್ದಿದ್ದು. ಸುಣ್ಣ ಹುಳಿ ಮುರಿಯುತ್ತೆ. ಅಷ್ಟೇ ಅಲ್ಲ, ಹಾಲಲ್ಲಿರೋ ರಂಜಕದ ಜೊತೆ ಸೇರಿ ಹತ್ತಿ ಎಳೆ ಥರ ಗಸಿ ಕಟ್ಟಿ, ಕಸವನ್ನೂ ತನ್ನ ಜೊತೆ ಎಳ್ಕೊಂಡು ಬರುತ್ತೆ. ಆಮೇಲೆ ಬೆಂಡೆ ಗಿಡ ಜಜ್ಜಿ ನೀರಲ್ಲಿ ಕಿವುಚಿ ಬಿಡೋ ಲೋಳೆ. ಹಾಲು ಕಾದಾಗ ಅದರಲ್ಲಿರೋ ಪ್ರೋಟೀನು ಮೊಟ್ಟೆ ಬಿಳಿ ಗಟ್ಟಿಯಾದ ಹಾಗೆ ಗಟ್ಟಿಯಾಗುತ್ತೆ, ಲೋಳೆ ಬಲೆ ಥರ ಅದನ್ನ ಹಿಡಿದು ನೊರೆ ಜೊತೆ ಮೇಲೆ ತರುತ್ತೆ. ನಾವು ಜರಡಿಯಲ್ಲಿ ತೆಗೆದು ಎಸೀತೀವಿ. ಲ್ಯಾಬು ಇಲ್ಲದ ಕಾಲದಲ್ಲಿ ನಮ್ಮೋರು ಮಾಡಿದ ಕೆಲಸ ಇದು. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಪಾಕ ಇಳಿಸೋದೂ ಹಾಗೇ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಉಂಡೆ ಕಟ್ಟಿ, ಕಲ್ಲಿಗೆ ಹೊಡೆದರೆ ಟಣ್ ಅನ್ನಬೇಕು. ಥರ್ಮಾಮೀಟರ್ ಇಟ್ಟು ನೋಡಿದ್ರೆ ಅಲ್ಲಿ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತೆ. ನೀರು ಕಮ್ಮಿ ಆದಷ್ಟೂ ಪಾಕ ಕುದಿಯೋ ಶಾಖ ಏರ್ತಾ ಹೋಗುತ್ತೆ. ಆದ್ದರಿಂದ ಶಾಖ ನೋಡಿದ್ರೆ ನೀರೆಷ್ಟು ಉಳಿದಿದೆ ಅಂತ ಹೇಳಬಹುದು. ಕಲ್ಲಿನ ಸದ್ದು ಹೇಳ್ತಿದ್ದದ್ದೂ ಅದನ್ನೇ.

ಇನ್ನು ಬಣ್ಣ. ಗ್ಲೂಕೋಸ್, ಫ್ರಕ್ಟೋಸ್ ಇರೋ ಕಡೆ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲ ಸಿಕ್ಕಿ ಬೆಂಕಿ ಬಿದ್ದರೆ, ಎರಡೂ ಕೂಡಿ ಕಂದು ಬಣ್ಣ ಆಗುತ್ತೆ, ಘಮ ಹುಟ್ಟುತ್ತೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೇಲಾರ್ಡ್ ಅನ್ನೋರು ಇದನ್ನ ಮೊದಲು ವಿವರಿಸಿದ್ರು, ಈಗಲೂ ಅವರ ಹೆಸರಲ್ಲೇ ಕರೀತಾರೆ. ರೊಟ್ಟಿ ಮೇಲಿನ ಕಂದು ಕಲೆ, ಹುರಿದ ಕಾಫಿ ಬೀಜದ ವಾಸನೆ, ಆಲೆಮನೆ ಕಡೆಯಿಂದ ಗಾಳಿ ಬೀಸಿದಾಗ ಅರ್ಧ ಮೈಲಿಗೇ ಬಾಯಲ್ಲಿ ನೀರು ಬರೋದು, ಎಲ್ಲದರ ಹಿಂದೆ ಇದರ ಕೈ ಇದೆ. ಅಂದ್ರೆ ಬೆಲ್ಲದ ಕಂದು ಕೊಳೆ ಅಲ್ಲ, ಬೇಯಿಸಿದ ಗುರುತು.

ಹಾಗಾದ್ರೆ ಬಿಳುಪು ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಕಬ್ಬಿನ ಹಾಲಿಂದ ಒಂದೇ ಥರದ ಪದಾರ್ಥ ಮಾಡ್ತಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಅಂತ ಐದು ಹೆಸರಿವೆ. ಗುಡ ಅಂದ್ರೆ ಬೆಲ್ಲ. ಶರ್ಕರಾ ಅಂದ್ರೆ ಹರಳು ಹರಳಾದ ಸಕ್ಕರೆ. ಇಂಗ್ಲಿಷಿನೋರ ಶುಗರ್ ಹುಟ್ಟಿದ್ದು ಶರ್ಕರಾದಿಂದ, ಅವರ ಕ್ಯಾಂಡಿ ಹುಟ್ಟಿದ್ದು ಖಂಡದಿಂದ. ಆದ್ರೆ ಬಿಳೀ ಸಕ್ಕರೆ ಮಾಡೋದು ಬಹಳ ಕಷ್ಟದ ಕೆಲಸ. ಅದು ಎಲ್ಲರ ಮನೆಗೆ ಬರೋ ಸಾಮಾನಲ್ಲ.

ನಮ್ಮ ಪಕ್ಕದ್ದೇ ಒಂದು ಸಾಕ್ಷಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಕಂಪನಿ ಸರ್ಕಾರ ಮೈಸೂರು ಸೀಮೆ ಸುತ್ತಿ ಬೇಸಾಯ, ಕಸುಬು ಎಲ್ಲ ಬರ್ಕೊಂಡು ಬಾ ಅಂತ ಕಳಿಸಿತು. ಆತ ನಮ್ಮ ಕಡೆಯ ಕಬ್ಬಿನ ಬಗ್ಗೆ ಬರೆದಿದ್ದಾನೆ. ಆಗ ಇದ್ದದ್ದು ರಸದಾಳಿ ಮತ್ತು ಪಟ್ಟಾಪಟ್ಟಿ. ಎರಡರಿಂದಲೂ ಬೆಲ್ಲ ಮಾಡ್ತಾರೆ, ಸಕ್ಕರೆ ಮಾತ್ರ ಪಟ್ಟಾಪಟ್ಟಿಯಿಂದಲೇ ತೆಗೀತಾರೆ ಅಂತ ಆತನ ಮಾತು. ಚನ್ನಪಟ್ಟಣಕ್ಕೆ ಹೋದಾಗ ಇನ್ನೊಂದು ವಿಷಯ ಬರೆದ: ಅಲ್ಲಿ ಒಂದು ಮನೆತನದೋರಿಗೆ ಬಲು ಬಿಳುಪಾದ ನಯ ಸಕ್ಕರೆ ಮಾಡೋ ವಿದ್ಯೆ ಗೊತ್ತಿತ್ತು, ಅದು ಶ್ರೀರಂಗಪಟ್ಟಣದ ಅರಮನೆಗೆ ಹೋಗ್ತಿತ್ತು.

ಇದನ್ನ ಓದಿದಾಗ ನನಗೆ ವಿಷಯ ಸ್ವಲ್ಪ ಬಿಡಿಸಿಕೊಂಡಿತು. ಬಿಳುಪು ಅರಮನೆ ಸೊತ್ತು, ಕಂದು ರೈತನ ಮನೇದು. ಒಂದೇ ಕಬ್ಬಿನ ಹಾಲು, ಎರಡು ಅಂತಸ್ತು. ಆದ್ರೂ ಆಗ ಬೆಲ್ಲ ಸಕ್ಕರೆ ಥರ ಕಾಣಬೇಕು ಅಂತ ಯಾರೂ ಕೇಳ್ತಿರಲಿಲ್ಲ. ಬೆಲ್ಲ ಬೆಲ್ಲವೇ, ಸಕ್ಕರೆ ಸಕ್ಕರೆಯೇ.

ಇದು ಬದಲಾದದ್ದು ಬಿಳೀ ಸಕ್ಕರೆ ಅಗ್ಗವಾಗಿ ಎಲ್ಲರ ಮನೆಗೆ ಬಂದ ಮೇಲೆ. ಯೂರೋಪಿನೋರು 19ನೇ ಶತಮಾನದ ಆರಂಭದಲ್ಲಿ ಮೂಳೆ ಸುಟ್ಟ ಇದ್ದಿಲಲ್ಲಿ ಸೋಸಿ ಸಕ್ಕರೆ ಬಿಳುಪು ಮಾಡೋದು ಕಲಿತರು. ನಮ್ಮ ದೇಶದಲ್ಲಿ ದೊಡ್ಡ ತಿರುವು ಅಂದ್ರೆ 1932. ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂತು, ಹೊರಗಿಂದ ಬರೋ ಸಕ್ಕರೆ ಮೇಲೆ ಭಾರಿ ಸುಂಕ ಬಿತ್ತು. 30ರ ಆಸುಪಾಸು ಇದ್ದ ಕಾರ್ಖಾನೆಗಳು ನಾಲ್ಕೈದು ವರ್ಷದಲ್ಲಿ 130 ದಾಟಿದವು. ಆ ಅಲೆಯಲ್ಲೇ 1933ರಲ್ಲಿ ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಕನ್ನಂಬಾಡಿ ಕಟ್ಟೆ ಎದ್ದಿತ್ತು, ಅರ್ವಿನ್ ನಾಲೆ, ಅಂದ್ರೆ ಈಗ ನಾವು ವಿ.ಸಿ. ನಾಲೆ ಅನ್ನೋದು, ನೀರು ತಂದಿತ್ತು. ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕ, ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಆ ನೀರಿಗೆ ಕಬ್ಬು, ಕಬ್ಬಿಗೆ ಕಾರ್ಖಾನೆ ಅಂತ ಜೋಡಿಸೋದಕ್ಕೆ ಬಹಳ ದುಡಿದೋರು.

ಕಬ್ಬೂ ಬದಲಾಯ್ತು. 1912ರಲ್ಲಿ ಕೊಯಮತ್ತೂರಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾಗಿತ್ತು. ಅಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ನಾಡ ಕಬ್ಬಿನ ಜೊತೆ ಹುಲ್ಲಿನಂಥ ಕಾಡು ಕಬ್ಬನ್ನ ಕೂಡಿಸಿ ಗಟ್ಟಿ ತಳಿ ತೆಗೆದ್ರು. ನಾವು ಕೋ 419, ಕೋ 62175 ಅಂತೀವಲ್ಲ, ಆ 'ಕೋ' ಅಂದ್ರೆ ಕೊಯಮತ್ತೂರು. ನಮ್ಮಪ್ಪ ಸಾಯೋವರೆಗೂ "419ರ ಬೆಲ್ಲದ ರುಚಿ ಇದಕ್ಕಿಲ್ಲ" ಅಂತಿದ್ರು.

ಇದರಿಂದ ನಮಗೆ ಕೆಟ್ಟದಾಯ್ತು ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ಹೆಂಚಿನ ಮನೆ ಎದ್ದದ್ದು, ಮಕ್ಕಳು ಕಾಲೇಜಿಗೆ ಹೋಗಿದ್ದು ಕಬ್ಬಿನ ದುಡ್ಡಲ್ಲಿ. ಆದ್ರೆ ಒಂದು ಮಾತ್ರ ಗಮನಿಸಿ. ಬಹಳಷ್ಟು ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ಜೊತೆ ಗಂಧಕ ಸುಟ್ಟ ಹೊಗೆ ಹಾಯಿಸಿ ಬಿಳುಪು ಮಾಡ್ತಾರೆ. ಆ ಬಿಳೀ ಸಕ್ಕರೆ ಎರಡು ಮೂರು ತಲೆಮಾರು ಮನೆ ಡಬ್ಬಿಯಲ್ಲಿ ಕೂತ ಮೇಲೆ ಜನರ ಕಣ್ಣಿಗೆ ಬಿಳೀ ಅಂದ್ರೆ ಶುದ್ಧ, ಕಂದು ಅಂದ್ರೆ ಕೊಳೆ ಅನ್ನೋ ಲೆಕ್ಕ ಬಂದುಬಿಟ್ಟಿತು. ಕೊಳ್ಳೋರ ಕಣ್ಣು ಬದಲಾದಾಗ ದಲ್ಲಾಳಿ ಕಣ್ಣು ಬದಲಾಯ್ತು. ದಲ್ಲಾಳಿ ಕಣ್ಣು ಬದಲಾದಾಗ ನಮ್ಮ ಕೊಪ್ಪರಿಗೆ ಬದಲಾಯ್ತು.

ಆಗ ಬಂತು ಹೈಡ್ರೋಸ್.

ಇದರ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಇದು ಹುಟ್ಟಿದ್ದು ಅಡುಗೆಗಲ್ಲ, ಬಟ್ಟೆಗೆ. ನೀಲಿ ಬಣ್ಣ, ಅಂದ್ರೆ ಇಂಡಿಗೋ, ನೀರಲ್ಲಿ ಕರಗಲ್ಲ. ಕರಗದ ಬಣ್ಣ ನೂಲಿಗೆ ಹಿಡಿಯಲ್ಲ. ಹೈಡ್ರೋಸ್ ಹಾಕಿದ್ರೆ ಅದು ನೀಲಿಯ ಒಳಗಿನ ಕಟ್ಟನ್ನ ಸಡಿಲ ಮಾಡಿ, ಬಣ್ಣ ಕಳೆದು, ಹಳದಿ ನೀರಾಗಿ ಕರಗಿಸುತ್ತೆ. ನೂಲನ್ನ ಅದರಲ್ಲಿ ಅದ್ದಿ ಗಾಳಿಗೆ ಹಿಡಿದ್ರೆ ನೋಡ್ತಾ ನೋಡ್ತಾ ಮತ್ತೆ ನೀಲಿ ಆಗುತ್ತೆ. ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ 1897ರಲ್ಲಿ ಕೃತಕ ಇಂಡಿಗೋ ಮಾರುಕಟ್ಟೆಗೆ ಬಿಟ್ಟಿತು, ನಮ್ಮ ದೇಶದ ನೀಲಿ ಬೆಳೆಗೆ ಅದೇ ಮುಳುವಾಯ್ತು. ಮುಂದಿನ ಹತ್ತು ವರ್ಷದೊಳಗೆ ಅದೇ ಕಂಪನಿ ಹೈಡ್ರೋಸನ್ನ ಕೆಡದ ಒಣ ಪುಡಿ ಮಾಡಿ ಮಾರೋಕೆ ಶುರು ಮಾಡಿತು. ಇವತ್ತಿಗೂ ನಮ್ಮ ಹುಡುಗರು ಹಾಕೋ ಜೀನ್ಸ್ ಪ್ಯಾಂಟಿನ ನೂಲಿಗೆ ನೀಲಿ ಹಿಡಿಸೋ ತೊಟ್ಟಿಯಲ್ಲಿ ಇರೋದು ಬಹುಮಟ್ಟಿಗೆ ಇದೇ ಪುಡಿ.

ಆ ಪುಡಿ ಯಾರ ಕೈಯಿಂದ ಆಲೆಮನೆಗೆ ಬಂತೋ, ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಆಲೆಮನೆಗೆ ಬಂದಿದ್ದು ನೆನಪಿದೆ. ಪಾಕ ನೋಡೋ ಅಣ್ಣ ಡಬ್ಬಿಯಿಂದ ಒಂದು ಹಿಡಿ ಬಿಳೀ ಪುಡಿ ಎರಚಿದ್ರು. ಬೆಂಕಿಕಡ್ಡಿ ಗೀರಿದಾಗ ಬರೋ ಥರ ಘಾಟು ಮೂಗಿಗೆ ಹೊಡೀತು, ಎಲ್ಲರೂ ಕೆಮ್ಮಿದ್ವಿ. ಕಂದು ಪಾಕ ಕಣ್ಣೆದುರೇ ಹಳದಿಗೆ ತಿರುಗಿತು. ನಮ್ಮಪ್ಪ ಖುಷಿಯಲ್ಲಿ ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸಾರಿ ರೇಟು ಚೆನ್ನಾಗಿ ಸಿಕ್ಕಿತ್ತು.

ಆ ಘಾಟು ಅಂದ್ರೆ ಗಂಧಕದ ಡೈಆಕ್ಸೈಡ್ ಅನಿಲ. ಹೈಡ್ರೋಸ್ ಬಿಸಿಗೆ ಒಡೆದಾಗ ಬರೋದು. ಒಂದಷ್ಟು ಗಾಳಿಗೆ ಹೋಗುತ್ತೆ, ಒಂದಷ್ಟು ಬೆಲ್ಲದಲ್ಲೇ ಉಳಿಯುತ್ತೆ. ಕಾನೂನು ಬೆಲ್ಲದಲ್ಲಿ ಇದು ಕೇಜಿಗೆ 70 ಮಿಲಿಗ್ರಾಂ ದಾಟಬಾರದು ಅನ್ನುತ್ತೆ. ಹಿಡಿಯಲ್ಲಿ ಎರಚೋರಿಗೆ ಮಿಲಿಗ್ರಾಂ ಲೆಕ್ಕ ಎಲ್ಲಿ ಸಿಗಬೇಕು? ಉಬ್ಬಸ ಇರೋ ಕೆಲವರಿಗೆ ಈ ಗಂಧಕ ಉಸಿರು ಕಟ್ಟಿಸುತ್ತೆ. ಎಲ್ಲರೂ ಸತ್ತೇ ಹೋಗ್ತಾರೆ ಅಂತ ಹೆದರಿಸೋಕೆ ನಾನು ಬರೀತಿಲ್ಲ. ಆದ್ರೆ ಕೊಪ್ಪರಿಗೆ ಮುಂದೆ ದಿನಕ್ಕೆ ಹತ್ತು ಸಾರಿ ಆ ಹೊಗೆ ಕುಡಿಯೋರು ನಮ್ಮ ಜನ ಅನ್ನೋದು ನೆನಪಿರಲಿ.

ನನಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಅನ್ನಿಸೋದು. ಹೈಡ್ರೋಸ್ ನಮ್ಮ ತಪ್ಪುಗಳನ್ನ ಮುಚ್ಚಿಬಿಡ್ತು. ಮೊದಲು ಬಣ್ಣವೇ ನಮಗೆ ಮೇಷ್ಟ್ರು. ಕಬ್ಬು ಕಡಿದು ಮೂರು ದಿನ ಬಿಟ್ಟು ಅರೆದ್ರೆ ಒಳಗೆ ನೊಗ ಮುರಿದು ಬೆಲ್ಲ ಕಪ್ಪಾಗ್ತಿತ್ತು. ತಡವಾಗಿ ಯೂರಿಯಾ ಸುರಿದ್ರೆ ಹಾಲಲ್ಲಿ ಅಮೈನೋ ಅಂಶ ಹೆಚ್ಚಿ ಕಪ್ಪಾಗ್ತಿತ್ತು. ಸುಣ್ಣ ಕೈ ಜಾರಿದ್ರೆ ಗ್ಲೂಕೋಸು, ಫ್ರಕ್ಟೋಸು ಸುಣ್ಣದ ಕಾರಕ್ಕೆ ಒಡೆದು ಮಸಿ ಬಣ್ಣ, ಜೊತೆಗೆ ಒಗರು. ಚೌಳು ನೆಲದ ಕಬ್ಬಾದ್ರೆ ಬೆಲ್ಲ ಉಪ್ಪುಪ್ಪು, ಗಟ್ಟಿ ಕೂರದು. ಬೆಲ್ಲ ನೋಡಿ "ಎಲ್ಲಿ ತಪ್ಪಿದೆ" ಅಂತ ಹಿರಿಯರು ಹೇಳ್ತಿದ್ರು. ಒಂದು ಹಿಡಿ ಪುಡಿ ಬಂದ ಮೇಲೆ ಆ ಪಾಠವೆಲ್ಲ ನಿಂತುಹೋಯ್ತು. ಒಣಗಿದ ಕಬ್ಬಾದ್ರೂ ಹಳದಿ, ಚೌಳಿನ ಕಬ್ಬಾದ್ರೂ ಹಳದಿ. ಕೊನೆಗೆ ಅಗ್ಗದ ಸಕ್ಕರೆ ಸುರಿದು ಕರಗಿಸಿ "ಬೆಲ್ಲ" ಅನ್ನೋರಿಗೂ ದಾರಿ ಆಯ್ತು. ಬಿಳುಪೇ ಗುಣ ಅಂದ ಮೇಲೆ ಸಕ್ಕರೆಗಿಂತ ಬಿಳೀ ಇನ್ನೇನಿದೆ?

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಸಂಕ್ರಾಂತಿಗೆ ಒಯ್ದ ಆ ಹನ್ನೆರಡು ಕ್ವಿಂಟಾಲ್‌ನಲ್ಲಿ ಅರ್ಧ ನಿಜಕ್ಕೂ ಚೆನ್ನಾಗಿರಲಿಲ್ಲ. ಕೂಲಿಯೋರು ಸಿಗದೆ ಕಡಿದ ಕಬ್ಬು ಎರಡು ದಿನ ಬಿಸಿಲಲ್ಲಿ ಬಿದ್ದಿತ್ತು. ಸುಣ್ಣ ಅಂದಾಜಲ್ಲಿ ಹಾಕಿ ಹೆಚ್ಚಾಗಿತ್ತು. ಹದಿನೈದು ವರ್ಷ ಪುಡಿ ನಂಬಿದ್ದ ಕೈಗೆ ಹಳೇ ಹದ ತಪ್ಪಿಹೋಗಿತ್ತು. ಹಾಗಾಗಿ ದಲ್ಲಾಳಿಯನ್ನ ಪೂರ್ತಿ ಬೈಯೋ ಹಕ್ಕು ನನಗಿಲ್ಲ. ಕಪ್ಪಾಗಿರೋದೆಲ್ಲ ಒಳ್ಳೇ ಬೆಲ್ಲ ಅಲ್ಲ. ಈಗ ಪೇಟೆಯಲ್ಲಿ "ಕಪ್ಪು ಇದ್ರೆ ಸಾವಯವ" ಅಂತ ಹೊಸ ಮಾತು ಹುಟ್ಟಿದೆ, ಅದೂ ಕಣ್ಣನ್ನೇ ನಂಬೋ ಅದೇ ಹಳೇ ತಪ್ಪು. ಇನ್ನೊಂದು ಮಾತು, ಬೆಲ್ಲ ಔಷಧಿ ಅಂತ ಮಾರೋದೂ ಬೇಡ. ಅದರಲ್ಲಿ ಬಹುಪಾಲು ಇರೋದು ಸಕ್ಕರೆಯೇ. ಸಕ್ಕರೆ ಕಾಯಿಲೆಯೋರಿಗೆ ಬೆಲ್ಲವೂ ಸಕ್ಕರೆಯೇ.

ಅವತ್ತಿನ ಪೆಟ್ಟು ತಿಂದ ಮೇಲೆ ಹದ ಸರಿ ಮಾಡ್ಕೊಂಡೆ. ಬೆಳಿಗ್ಗೆ ಕಡಿದದ್ದನ್ನ ಅವತ್ತೇ ಅರೆಯೋದು. ಪಿ.ಎಚ್. ಕಾಗದ ತಂದು, ಸುಣ್ಣದ ತಿಳಿಯನ್ನ ಸ್ವಲ್ಪ ಸ್ವಲ್ಪವೇ ಬಿಟ್ಟು, 6ರ ಮೇಲೆ ಸ್ವಲ್ಪ ಬಂದ ಕೂಡಲೇ ನಿಲ್ಲಿಸೋದು. ಬೆಂಡೆ ಲೋಳೆ ಒಂದೇ ಸಾರಿ ಸುರಿಯದೆ ಎರಡು ಮೂರು ಸಾರಿ ಬಿಟ್ಟು, ಪ್ರತಿ ಸಾರಿ ನೊರೆ ಪೂರ್ತಿ ತೆಗೆಯೋದು. ಇಷ್ಟೇ. ಮೊದಲಿನ ಮಸಿ ಬಣ್ಣ ಹೋಗಿ ಜೇನಿನ ಬಣ್ಣಕ್ಕೆ ಬಂತು. ಹೈಡ್ರೋಸಿನ ಹಳದಿ ಬರಲ್ಲ, ಬರಬೇಕಾಗೂ ಇಲ್ಲ.

ಜನವರಿ ಕೊನೆಯಲ್ಲಿ ಒಂದು ಪರೀಕ್ಷೆಯನ್ನೂ ಮಾಡಿದೆ. ಒಂದೇ ಗದ್ದೆಯ 62175 ಕಬ್ಬು, ಒಂದೇ ದಿನ, ಎರಡು ಕೊಪ್ಪರಿಗೆ. ಒಂದಕ್ಕೆ ಊರಲ್ಲಿ ಎಲ್ಲರೂ ಹಾಕೋ ಹಾಗೆ ಪುಡಿ, ಇನ್ನೊಂದಕ್ಕೆ ಬರೀ ಸುಣ್ಣ, ಬೆಂಡೆ. ಎರಡರಿಂದಲೂ ಒಂದೊಂದು ಅಚ್ಚು ಎತ್ತಿ, ಹಿಂದೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ ಕಾಗದ ಇಟ್ಟು, ಅಟ್ಟದ ಮೇಲೆ ತೆರೆದಿಟ್ಟೆ. ಮರೆತೇ ಹೋಗಿತ್ತು. ಮೊನ್ನೆ ಆಷಾಢದಲ್ಲಿ ಅಟ್ಟ ಗುಡಿಸೋವಾಗ ನಮ್ಮನೆಯವರು ಎರಡನ್ನೂ ಕೆಳಗಿಳಿಸಿ ಜಗಲಿ ಮೇಲಿಟ್ಟು ಕರೆದ್ರು. "ಇದರಲ್ಲಿ ಪುಡಿ ಹಾಕಿದ್ದು ಯಾವುದು ಹೇಳಿ ನೋಡೋಣ."

ಕಾಗದ ನೋಡದೆ ಹೇಳಕ್ಕಾಗಲಿಲ್ಲ. ಎರಡೂ ಕಂದು. ಮುರಿದಾಗ ಮಾತ್ರ ಪುಡಿ ಹಾಕಿದ್ದು ಒಳಗೆ ಇನ್ನೂ ಸ್ವಲ್ಪ ಹಳದಿ, ಗಾಳಿ ತಾಗಿದ ಹೊರಮೈ ನನ್ನ ಬೆಲ್ಲಕ್ಕಿಂತಲೂ ಮಬ್ಬು. ನೀಲಿ ತೊಟ್ಟಿಯಲ್ಲಿ ಆಗೋದೇ ಇದು. ಹೈಡ್ರೋಸ್ ಬಣ್ಣವನ್ನ ಪೂರ್ತಿ ತೆಗೆದು ಹಾಕಲ್ಲ, ಅಡಗಿಸಿಡುತ್ತೆ. ಗಾಳಿ ತಾಗ್ತಾ ತಾಗ್ತಾ ಅಡಗಿದ್ದು ವಾಪಸ್ ಬರುತ್ತೆ. ಹೋಗೋದು ದುಡ್ಡು ಕೊಟ್ಟೋರದು. ಬಾಯಿಗೆ ಹಾಕಿದ್ರೆ ನನ್ನದಕ್ಕೆ ಘಮ ಇತ್ತು, ಅದಕ್ಕೆ ನಾಲಿಗೆ ತುದಿಯಲ್ಲಿ ಒಂದು ಸಣ್ಣ ಕಹಿ. ಇದು ನನ್ನ ನಾಲಿಗೆ ಮಾತು, ನೀವೇ ಮಾಡಿ ನೋಡಿ.

ಅಂದ್ರೆ ಸಂಕ್ರಾಂತಿಗೆ ನಾನು ಕಳ್ಕೊಂಡ ಕ್ವಿಂಟಾಲ್‌ಗೆ 300 ರೂಪಾಯಿ, ಐದು ತಿಂಗಳೂ ನಿಲ್ಲದ ಬಣ್ಣದ ಬೆಲೆ. ನಮ್ಮನೆಯವರು ಮತ್ತೆ "ಹಾಕಿದ್ರೆ ಏನಾಗ್ತಿತ್ತು" ಅಂತ ಕೇಳಲಿಲ್ಲ. "ಸರಿ, ಈ ವರ್ಷ ಯಾರಿಗೆ ಮಾರ್ತೀರಿ?" ಅಂತ ಕೇಳಿದ್ರು. ಇದು ಮೊದಲನೇದಕ್ಕಿಂತ ಕಷ್ಟದ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. ಒಬ್ಬನೇ ಒಯ್ದರೆ ದಲ್ಲಾಳಿ ಮತ್ತೆ ಬೆಳಕಿಗೇ ಹಿಡೀತಾನೆ. ನಾಲ್ಕು ಆಲೆಮನೆಯೋರು ಸೇರಿ, ಒಂದೇ ಹದದಲ್ಲಿ ಮಾಡಿ, ಒಂದೇ ಲೋಡಿನಲ್ಲಿ ಒಯ್ದು, "ಮೊದಲು ಬಾಯಿಗೆ ಹಾಕ್ಕೊಂಡು ಆಮೇಲೆ ರೇಟು ಹೇಳಪ್ಪ" ಅಂದ್ರೆ ಮಾತು ಬೇರೆ ಆಗಬಹುದು.

ದಸರಾ ಕಳೆದ ಮೇಲೆ ಗಾಣ ಕಟ್ತೀನಿ. ಅಷ್ಟರೊಳಗೆ ನಿಮ್ಮ ಮನೆ ಅಟ್ಟದಲ್ಲಿ ಹೋದ ಸುಗ್ಗಿಯ ಹಳದಿ ಬೆಲ್ಲ ಇದ್ರೆ ಇಳಿಸಿ, ಮುರಿದು, ಒಳಗಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ಹೋಲಿಸಿ ನೋಡಿ. ಮನೇಲಿ ಹಿರಿಯರಿದ್ರೆ ಬೆಂಡೆ ಲೋಳೆ ಯಾವ ಹೊತ್ತಿಗೆ, ಎಷ್ಟು ಬಿಡ್ತಿದ್ರು ಅಂತ ಕೇಳಿ ನನಗೂ ತಿಳಿಸಿ. ನಾನಿನ್ನೂ ಕಲೀತಾ ಇದ್ದೀನಿ. ಜೊತೆಗೆ ಬರೋರು ಒಂದು ಸಂಜೆ ನಮ್ಮ ಜಗಲಿ ಕಡೆ ಬನ್ನಿ. ಅಟ್ಟದಿಂದ ಇಳಿಸಿದ ಎರಡು ಅಚ್ಚೂ ಅಲ್ಲೇ ಇಟ್ಟಿದ್ದೀನಿ, ಕಾಗದ ಮಗುಚಿ ಇಟ್ಟಿದ್ದೀನಿ. ಯಾವುದು ಯಾವುದು ಅಂತ ನೀವೇ ಹೇಳಿ.